ವ್ಯಾನಿನಿಂದ ಇಳಿದ ಕಡೆಯುವ ಕಲ್ಲು

ಹೋಟೆಲ್ ಧಣಿಗಳೇ,

ನಿಮ್ಮ ಮಂಡೆ ಸಮ ಉಂಟಾ? ಪುರಿಯ ಸಮುದ್ರ, ಚಿಲಿಕಾ, ಸಿಮ್ಲಿಪಾಲ್ ಕಾಡು ಎಲ್ಲ ತಿರುಗಿ ಅದರಲ್ಲೇ ಮಲಗುವ ಅಂತ ಬಾಡಿಗೆಗೆ ತಂದ ವ್ಯಾನಿಗೆ ಕಡೆಯುವ ಕಲ್ಲು, ಇಡ್ಲಿ ಪಾತ್ರೆ, ಎರಡು ಕೊಪ್ಪರಿಗೆ ತುಂಬಿಸಿದ್ದೀರಲ್ಲ! ನಾವು ಮಲಗುವುದೆಲ್ಲಿ, ಕೊಪ್ಪರಿಗೆಯೊಳಗಾ?

ಡ್ರೈವರನ ಕೈಯಲ್ಲಿ ಎಲ್ಲ ಇಳಿಸಿ ಆಯಿತು. ಕಲ್ಲು ಅಡುಗೆಮನೆಯಲ್ಲಿದೆ. ಪುನಃ ಎತ್ತಲು ಹೋಗಬೇಡಿ, ನಿಮ್ಮ ಸೊಂಟ ಮೊದಲೇ ಸರಿಯಿಲ್ಲ. ದಾರಿಗೆ ಅವಲಕ್ಕಿ, ಉಪ್ಪಿನಕಾಯಿ ಧಾರಾಳ ಸಾಕು.

ನಾನು ಮಲ್ಪೆಯವಳು. ನಿಮ್ಮನ್ನು ಮದುವೆಯಾಗಿ ಈ ಕಲ್ಕತ್ತೆಯ ಟಾಲಿಗಂಜ್‌ಗೆ ಬಂದ ಮೇಲೆ ಸಮುದ್ರ ಕಂಡದ್ದೇ ಇಲ್ಲ. ಕಂಡದ್ದು ಸಾಂಬಾರಿನ ಕೊಪ್ಪರಿಗೆ ಮಾತ್ರ.

ಕೆಳಗೆ ವ್ಯಾನಿನಲ್ಲಿ ಕೂತಿರುತ್ತೇನೆ. ಕಲ್ಲು ಬಿಟ್ಟು ಬರಲಾಗದಿದ್ದರೆ ಅದರ ಪಕ್ಕದಲ್ಲೇ ಮಲಗಿ. ಬರುವುದಾದರೆ ಬೀಗ ಹಾಕಿ ಬರಿಗೈಯಲ್ಲಿ ಬನ್ನಿ. ನಿಮ್ಮ ದಿಂಬನ್ನು ನಾನೇ ಒಯ್ದಿದ್ದೇನೆ.

ಸುಗಂಧಿ