ಹೊರಗಿನಿಂದ ತರಬೇಕಾದ ಹಣ

ಚಿಕ್ಕಬಳ್ಳಾಪುರ
14-7-1963, ಭಾನುವಾರ

ಪ್ರೀತಿಯ ಗಂಗು,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಬೈಯಬೇಡ. ಮೂರು ಸಲ ಬರೆಯಲು ಕೂತು ಎದ್ದಿದ್ದೇನೆ. ನಿನ್ನ ಎರಡನೆಯ ಮಗಳಿಗೆ ಹಲ್ಲು ಬಂದಿರಬೇಕು ಈಗ. ಗುಂತಕಲ್ಲಿನ ಬಿಸಿಲು ಸ್ವಲ್ಪ ಇಳಿಯಿತೇ? ನಿನ್ನ ಯಜಮಾನರಿಗೆ ರೈಲ್ವೆಯವರು ಮನೆ ಕೊಟ್ಟರೇ?

ನನಗೆ ಹಣ ಸಿಕ್ಕಿತು ಕಣೇ. ಇಂಗ್ಲೆಂಡಿಗೆ ಹೋಗುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಹಿಪ್ಪುನೇರಳೆ ಎಲೆಗೆ ಹತ್ತುವ ಬೂದಿರೋಗದ ಮೇಲೆ ನಾನು ಪಿಎಚ್.ಡಿ. ಮುಗಿಸಿದ್ದು ನಿನಗೆ ಗೊತ್ತು. ಅದೇ ಕೆಲಸ ಮುಂದುವರಿಸಬೇಕೆಂದು ಅಲ್ಲಿನ ಪ್ರೊಫೆಸರರೊಬ್ಬರಿಗೆ ಎರಡು ವರ್ಷದ ಹಿಂದೆ ಬರೆದೆ. ಒಳ್ಳೆಯ ಮನುಷ್ಯ. 'ಬನ್ನಿ, ಲ್ಯಾಬಿನಲ್ಲಿ ಜಾಗ ಕೊಡುತ್ತೇನೆ, ಸಂಬಳ ಕೊಡಲು ನನ್ನಲ್ಲಿ ಹಣವಿಲ್ಲ, ಅದನ್ನು ನೀವೇ ಹೊರಗಿನಿಂದ ತರಬೇಕು' ಎಂದು ಉತ್ತರ ಬಂತು.

ಹೊರಗಿನಿಂದ ಎಂದರೆ ಎಲ್ಲಿಂದ? ಸ್ಕಾಲರ್‌ಶಿಪ್ ಕೊಡುವವರು ವಿದ್ಯಾರ್ಥಿಗಳಿಗೆ ಕೊಡುತ್ತಾರೆ, ನನ್ನ ಓದು ಮುಗಿದಿದೆ. ರಜೆಯ ಮೇಲೆ ಕಳಿಸುವವರು ಕಾಯಂ ನೌಕರಿಯವರನ್ನು ಕಳಿಸುತ್ತಾರೆ, ಈ ಕಾಲೇಜಿನಲ್ಲಿ ನಾನಿನ್ನೂ ಟೆಂಪರರಿ. ಬೆಂಗಳೂರಿನ ಒಂದು ಟ್ರಸ್ಟಿನವರು ಮಾತ್ರ ಸಂದರ್ಶನಕ್ಕೆ ಕರೆದರು. ಅಲ್ಲಿ ವಯಸ್ಸಾದವರೊಬ್ಬರು ನನ್ನ ಅರ್ಜಿ ತಿರುವಿಹಾಕಿ, "ಡಾಕ್ಟರ್ ಆಗಿದ್ದೀರಲ್ಲಮ್ಮ, ಇನ್ನೂ ಏನು ಓದ್ಬೇಕು?" ಎಂದರು.

"ಓದೋಕಲ್ಲ ಸಾರ್, ಕೆಲಸ ಮಾಡೋಕೆ" ಎಂದೆ.

"ಕೆಲಸ ಇಲ್ಲೇ ಇದ್ಯಲ್ಲ!" ಎಂದು ಎಲ್ಲರೂ ನಕ್ಕರು. ನಾನೂ ನಕ್ಕು ಬಸ್ಸು ಹತ್ತಿದೆ.

ಕೊನೆಗೆ ಉಳಿದದ್ದು ಲಂಡನ್ನಿನ ಒಂದು ಮಹಿಳಾ ಸಂಘ. ಈ ಸಂಶೋಧನೆಯಿಂದ ಯಾರಿಗೆ ಏನು ಎಂಬುದನ್ನು ವಿಜ್ಞಾನ ತಿಳಿಯದವರಿಗೂ ಅರ್ಥವಾಗುವಂತೆ ಬರೆಯಬೇಕು ಎಂದು ಅವರ ಫಾರಂನಲ್ಲಿತ್ತು. ಹತ್ತು ದಿನ ಹೆಣಗಿದೆ, ಬರಲಿಲ್ಲ. ಶಿಡ್ಲಘಟ್ಟದ ಹತ್ತಿರ ರೇಷ್ಮೆಹುಳ ಸಾಕುವ ಕೋನಪ್ಪ ಎಂಬವರ ತೋಟದಿಂದ ನಾನು ರೋಗದ ಎಲೆ ತರುವುದುಂಟು. ಅವರನ್ನೇ ಹೋಗಿ ಕೇಳಿದೆ. ಅವರು ಬಿಳಿ ಹಿಡಿದ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಉಜ್ಜಿ, "ಈ ಸೊಪ್ಪು ಹಾಕಿದ್ರೆ ಹುಳ ಮುಖ ತಿರುಗಿಸ್ಕೊಂತದಮ್ಮ. ಹುಳ ಉಪವಾಸ ಬಿದ್ರೆ ನಮ್ಮನೇಲಿ ಯಾರಿಗೂ ಅನ್ನ ಇಳಿಯಲ್ಲ" ಎಂದರು. ಅದನ್ನೇ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಅವರ ಹೆಸರನ್ನೂ ಹಾಕಿ ಕಳಿಸಿದೆ.

ಕಳೆದ ತಿಂಗಳು ಒಪ್ಪಿಗೆ ಬಂತು. ಒಂದು ವರ್ಷಕ್ಕೆ, ಕೆಲಸ ಚೆನ್ನಾಗಿ ನಡೆದರೆ ಇನ್ನೊಂದು ವರ್ಷಕ್ಕೆ. ಅವತ್ತು ಕಾಲೇಜಿಗೆ ರಜ. ಲಕೋಟೆ ಒಡೆದು ಓದಿದಾಗ ಎದುರಿಗಿದ್ದವನು ಪೋಸ್ಟ್‌ಮನ್ ಚಲಪತಿ ಒಬ್ಬನೇ. ಅವನಿಗೇ ಹೇಳಿದೆ. "ಒಳ್ಳೇದಾಯ್ತು ಮೇಡಂ, ಇಲ್ಲೊಂದು ಸೈನ್ ಹಾಕಿ" ಎಂದ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ಮತ್ತೆ ಓದಿದೆ. ನಮ್ಮಿಬ್ಬರಿಗೂ ಒಂದೇ ಮೈಕ್ರೋಸ್ಕೋಪು ಇದ್ದ ದಿನಗಳಲ್ಲಿ ಹೀಗೇನಾದರೂ ಆಗಿದ್ದರೆ ನೀನು ನನ್ನ ಜಡೆ ಹಿಡಿದು ಲ್ಯಾಬೆಲ್ಲ ಕುಣಿಸಿಬಿಡುತ್ತಿದ್ದೆ.

ಸೆಪ್ಟೆಂಬರ್ ಆರಕ್ಕೆ ಬೊಂಬಾಯಿಯಿಂದ ಹಡಗು. ಇನ್ನೊಂದು ವಿಷಯ. ಅವರ ಫಾರಂನಲ್ಲಿ 'ಅಪಾಯವಾದರೆ ಯಾರಿಗೆ ತಿಳಿಸಬೇಕು' ಎಂಬ ಕಾಲಂ ಇತ್ತು. ಕೇಳದೆ ನಿನ್ನ ಹೆಸರು ಬರೆದಿದ್ದೇನೆ, ಕ್ಷಮಿಸು.

ನಿನ್ನ ಯಜಮಾನರಿಗೆ ನಮಸ್ಕಾರ. ಮಕ್ಕಳಿಬ್ಬರೂ ನೂರು ಕಾಲ ಸುಖವಾಗಿರಲಿ. ದೊಡ್ಡವಳನ್ನು ಶಾಲೆ ಬಿಡಿಸಬೇಡ.

ನಿನ್ನ
ವರಲಕ್ಷ್ಮಿ

ಮರೆತೆ: ಮನೆಯಲ್ಲಿ ಏನೆಂದರು ಎಂದು ನೀನು ಕೇಳಿಯೇ ಕೇಳುತ್ತೀಯ. ಹೋದ ಭಾನುವಾರ ಕೆಂಚಾರ್ಲಹಳ್ಳಿಗೆ ಹೋಗಿದ್ದೆ. ವಾಪಸು ಬರುತ್ತೇನೆಂಬ ಮುಚ್ಚಳಿಕೆಗೆ ಮನೆಯವರೊಬ್ಬರ ಸಹಿ ಬೇಕಿತ್ತು. ಒಂಟಿ ಹೆಂಗಸು, ಮೂವತ್ತಮೂರು ವರ್ಷ, ಸಮುದ್ರದಾಚೆ – ಅವರು ಏನೇನು ಕೇಳಬಹುದೋ ಅದಕ್ಕೆಲ್ಲ ಬಸ್ಸಿನಲ್ಲೇ ಉತ್ತರ ಕೂಡಿಸಿಕೊಂಡಿದ್ದೆ. ಅಣ್ಣ ವೆಂಕಟರವಣಪ್ಪ ಕಾಗದ ಓದಲೂ ಇಲ್ಲ. "ಎಲ್ಲಿ ಹಾಕ್ಬೇಕು, ಇಲ್ಲೇನಾ?" ಎಂದು ಸಹಿ ಹಾಕಿ ಹೊಲಕ್ಕೆ ಹೊರಟ. ಅಮ್ಮ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. "ಎರಡು ವರ್ಷಾನಾ? ಆಗ್ಲಿ ಬಿಡಮ್ಮ. ನಿನ್ ಬೀರು ಅಲ್ಲಿ ಸುಮ್ನೆ ಯಾಕೆ, ಇಲ್ಲಿಗೆ ಕಳಿಸ್ಬಿಡು, ಬಟ್ಟೆ ಇಟ್ಕೊಳಾಕೆ ಆಗ್ತದೆ" ಎಂದಳು. ಆಮೇಲೆ ಅತ್ತಿಗೆ ಮುದ್ದೆ ಬಡಿಸಿದಳು.

ಯಾರೂ ಹೋಗಬೇಡ ಅನ್ನಲಿಲ್ಲ ಗಂಗು.

ಹೋಗುವುದಂತೂ ಹೋಗುತ್ತೇನೆ. ಆದರೂ ಹಡಗು ಹೊರಡುವುದರೊಳಗೆ ನೀನಾದರೂ ಬೇಡ ಅಂತ ಒಂದು ಕಾರ್ಡು ಬರೆ.