ಹಿಲ್ಕಾಳ ದನಿಗೊಂದು ಪೆಟ್ಟಿಗೆ

ಕೋಟ್ಕಾ,
ಜೂನ್ ೬, ಮಂಗಳವಾರ

ಮಗಳೇ ಲೆಂಪಿ,

ಹೇಗಿದ್ದೀಯಮ್ಮಾ? ನಿನ್ನ ನಾಯಿಗಳೆಲ್ಲ ಚೆನ್ನಾಗಿವೆಯಾ? ಇನಾರಿ ಕೆರೆಯ ಮಂಜುಗಡ್ಡೆ ಈಗಲಾದರೂ ಒಡೆಯಿತೋ ಇಲ್ಲವೋ? ನಿನ್ನ ಏಪ್ರಿಲ್ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಮೂರು ಸಲ ಶುರು ಮಾಡಿ ಮೂರು ಸಲವೂ ಒಲೆಗೆ ಹಾಕಿದೆ. ಫೋನ್ ಮಾಡೋದಲ್ವಾ ಅಪ್ಪಾ ಅನ್ನುತ್ತೀಯೆ, ಗೊತ್ತು. ಫೋನಿನಲ್ಲಿ ಮಾತಾಡಿದರೆ ನಿಮ್ಮಮ್ಮನಿಗೆ ಕೇಳಿಸುತ್ತದೆ. ಹೋಗಿರುವುದು ಅವಳ ಮಾತು, ಕಿವಿ ಅಲ್ಲ. ನಾನು ಅಡುಗೆಮನೆಯಲ್ಲಿ ಗೊಣಗಿದರೂ ಪಡಸಾಲೆಯಿಂದ ಸ್ಲೇಟು ಎತ್ತಿ ಉತ್ತರ ಬರೆದು ತೋರಿಸುತ್ತಾಳೆ. ಅದಕ್ಕೇ ಬ್ರೆಡ್ ತರುತ್ತೇನೆಂದು ಹೇಳಿ ಬಂದು ಊರಿನ ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಮ್ಮನ ತೂಕ ಈ ತಿಂಗಳು ಇಳಿದಿಲ್ಲ. ಸಾಮನ್ ಮೀನಿನ ಸಾರನ್ನು ನುಣ್ಣಗೆ ಅರೆದು ಕೊಟ್ಟರೆ ಒಂದು ಬಟ್ಟಲು ಮುಗಿಸುತ್ತಾಳೆ. ಕೈ ಇನ್ನೂ ಆಡುತ್ತದೆ, ಅಕ್ಷರ ಸ್ವಲ್ಪ ಸೊಟ್ಟ, ಅಷ್ಟೇ. ನೀನು ನಡುಬೇಸಿಗೆಯ ಹಬ್ಬಕ್ಕೆ ಬರುತ್ತೀಯೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿದ್ದಾಳೆ. ಆ ಸುತ್ತು ನೋಡಿದಾಗಲೆಲ್ಲ ನನಗೆ ಊಟ ಸೇರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಆದರೆ ಒಂದೊಂದಾಗಿ ಹೇಳಲು ಬಿಡು. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೂ ಸಹಿಸಿಕೋ.

ಅಕ್ಟೋಬರಿನಲ್ಲಿ ಡಾಕ್ಟರು ನಾಲಗೆಯ ನರಗಳು ಒಣಗುತ್ತಿವೆ, ವಸಂತ ಬರುವಷ್ಟರಲ್ಲಿ ದನಿ ನಿಂತುಹೋಗುತ್ತದೆ ಎಂದರಲ್ಲ, ಆವತ್ತೇ ಮಾತು ಕಲಿಸುವ ಆ ಹೆಂಗಸು ಒಂದು ದಾರಿ ಹೇಳಿದ್ದಳು. ದನಿ ಇರುವಾಗಲೇ ಸಾವಿರಾರು ವಾಕ್ಯ ಓದಿ ಇಟ್ಟುಕೊಂಡರೆ ಕಂಪ್ಯೂಟರು ಆ ದನಿ ಕಲಿತುಕೊಳ್ಳುತ್ತದೆ. ಆಮೇಲೆ ಅಮ್ಮ ಬರೆದದ್ದನ್ನು ಅಮ್ಮನ ದನಿಯಲ್ಲೇ ಆಡುತ್ತದೆ. ಇಂಟರ್ನೆಟ್ಟಿನಲ್ಲಿ ಕಳಿಸಿದರೆ ಮಾಡಿಕೊಡುವ ಕಂಪನಿಗಳಿವೆಯಂತೆ. ನಿಮ್ಮಮ್ಮ ಕೇಳಬೇಕಲ್ಲ.

"ನನ್ನ ದನಿ ಯಾರದ್ದೋ ಊರಿನ ಗೋಡೌನಲ್ಲಿ ಬಿದ್ದಿರೋದು ಬೇಡ ಕಣ್ರೀ. ಮೂವತ್ತೆಂಟು ವರ್ಷ ಕಾಗದದ ಕಾರ್ಖಾನೆಗೆ ಕರೆಂಟ್ ಕೊಟ್ಟೋರು ನೀವು. ಒಂದು ಡಬ್ಬ ಜೋಡ್ಸಕ್ಕಾಗಲ್ವಾ?" ಅಂದಳು.

ನನಗೂ ಒಳಗೊಳಗೇ ಖುಷಿಯಾಯಿತು ಅನ್ನು. ಹಂಗಿಲ್ಲದೆ ಮನೆಯಲ್ಲೇ ಮಾಡುತ್ತೇನೆ ಅನ್ನುವ ಜಂಬ.

ಚಳಿಗಾಲ ಪೂರ್ತಿ ಬೆಳಗಿನ ಕಾಫಿ ಆದ ಕೂಡಲೇ ಅವಳು ಕೋಟುಗಳ ಬೀರುವಿನೊಳಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಉಣ್ಣೆ ಕೋಟುಗಳ ನಡುವೆ ದನಿ ಪ್ರತಿಧ್ವನಿಸುವುದಿಲ್ಲ. ಬಂದರಿನ ರೇಡಿಯೋದಲ್ಲಿ ಇಪ್ಪತ್ತಾರು ವರ್ಷ ಹಡಗುಗಳಿಗೆ ದಾರಿ ಹೇಳಿದ ನನ್ನ ಹಿಲ್ಕಾ, ಮೈಕು ಅಂದರೆ ಹೆದರುತ್ತಾಳೆಯೇ? ದಿನಕ್ಕೆ ಇಪ್ಪತ್ತು ವಾಕ್ಯ. ಡಿಸೆಂಬರಿನಲ್ಲಿ ಗಟ್ಟಿಯಾಗಿದ್ದ ದನಿ ಫೆಬ್ರವರಿಗೆ ತೊದಲತೊಡಗಿತು. ಮಾರ್ಚಿ ಮೊದಲ ವಾರ ಬೀರುವಿನಿಂದ ಹೊರಗೆ ಬಂದು ಕೈಯಾಡಿಸಿ ಮುಗಿಯಿತು ಅಂದಳು. ಸಾವಿರದ ಆರುನೂರು ವಾಕ್ಯ ಆಗಿದ್ದವು. ಏಪ್ರಿಲಿನಿಂದ ಸ್ಲೇಟು.

ನಮ್ಮ ಹಳೆಯ ಕಂಪ್ಯೂಟರು ದನಿ ಕಲಿಯುವ ಪ್ರೋಗ್ರಾಮನ್ನು ಶುರು ಮಾಡುವುದಕ್ಕೇ ಏದುಸಿರು ಬಿಡುತ್ತಿತ್ತು. ಹೊಸದು ಬೇಕು, ವೇಗದ್ದು ಬೇಕು, ಕೈಯಲ್ಲಿದ್ದದ್ದು ದೋಣಿಯ ಮೋಟಾರು ಮಾರಿ ಬಂದ ಒಂಬೈನೂರು ಯೂರೋ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥದ್ದಕ್ಕೆ ಅದರ ಎರಡರಷ್ಟು ಹೇಳಿದರು. ಬಂದರಿನ ಹಿಂದೆ ಹಳೆಯ ಟೈರು ಅಂಗಡಿಯಲ್ಲಿ ರೌನಿ ಅಂತ ಒಬ್ಬಳು ಕಂಪ್ಯೂಟರ್ ಬಿಡಿಭಾಗ ಮಾರುತ್ತಾಳೆ, ಹೊಸದೂ ಹಳೆಯದೂ. ವಯಸ್ಸು ನಲವತ್ತು, ಬಾಯಿ ಎಂಬತ್ತರದ್ದು. ಅವಳ ಹತ್ತಿರ ನನ್ನ ಪಟ್ಟಿ ಹಿಡಿದು ಹೋದೆ. ನೋಡಿದವಳೇ ನಕ್ಕುಬಿಟ್ಟಳು.

"ಏನ್ ಯಜಮಾನ್ರೇ, ಮದುವೆ ಮೆರವಣಿಗೆಗೆ ಹೊರಟಿದ್ದೀರಾ? ದೀಪ ಮಿನುಗೋ ಪೆಟ್ಟಿಗೆ, ಗಾಜಿನ ಬಾಗಿಲು! ಹಾಕಿ ಅದನ್ನ ಕಸಕ್ಕೆ. ದನಿ ಕಲಿಯೋದು ಪೆಟ್ಟಿಗೆ ಅಲ್ಲ, ಗ್ರಾಫಿಕ್ಸ್ ಕಾರ್ಡು. ಅರ್ಧ ದುಡ್ಡು ಅದಕ್ಕೇ ಹೋಗ್ಲಿ."

"ಪ್ರೊಸೆಸರ್ರು?"

"ಮಧ್ಯಮದ್ದು ಸಾಕು. ಅದು ದೊಡ್ಡದು ತಗೊಂಡ್ರೆ ಕಾರ್ಡು ಚಿಕ್ಕದಾಗುತ್ತೆ. ರ್ಯಾಮ್ ಮೂವತ್ತೆರಡು, ಅದ್ರಲ್ಲಿ ಚೌಕಾಸಿ ಬೇಡ. ಪೆಟ್ಟಿಗೆ ನನ್ನ ಅಟ್ಟದ ಮೇಲೊಂದು ಸೊಟ್ಟ ಇದೆ, ಪುಕ್ಕಟೆ ಒಯ್ಯಿರಿ. ಎಲ್ಲಾದ್ರಲ್ಲೂ ಜುಗ್ಗತನ ಮಾಡಿ, ಪವರ್ ಸಪ್ಲೈಲಿ ಮಾತ್ರ ಮಾಡ್ಬೇಡಿ. ಅದು ಕೆಟ್ರೆ ಒಂದೇ ಹೋಗಲ್ಲ, ಮನೆಮಂದಿನೆಲ್ಲಾ ಕರ್ಕೊಂಡು ಹೋಗುತ್ತೆ."

ನನಗೆ ಪವರ್ ಸಪ್ಲೈ ಬಗ್ಗೆ ಪಾಠ ಹೇಳುತ್ತಾಳಲ್ಲ ಎಂದು ಮೂಗಿನ ತುದಿ ಬಿಸಿಯಾಯಿತು. ಆದರೂ ಅವಳ ಮಾತು ಕೇಳಿದೆ, ಲೆಂಪಿ. ಒಳ್ಳೆಯ ಕಂಪನಿಯದ್ದೇ ತೆಗೆದುಕೊಂಡೆ, ಒಂದು ವರ್ಷ ಬಳಸಿದ್ದು. ಬೋರ್ಡಿಗೂ ಕಾರ್ಡಿಗೂ ಹೋಗುವ ಕೇಬಲ್ಲುಗಳು ಅದರ ಮೈಗೇ ಅಂಟಿಕೊಂಡಿದ್ದವು. ಡಿಸ್ಕುಗಳಿಗೆ ಕರೆಂಟ್ ಕೊಡುವ ಕೇಬಲ್ ಮಾತ್ರ ಬೇಕಾದರೆ ಸಿಕ್ಕಿಸುವಂಥದ್ದು. ಅದನ್ನು ಹಿಂದಿನ ಮಾಲೀಕ ಎಲ್ಲೋ ಕಳೆದಿದ್ದ.

"ಅದೇ ಕಂಪನಿ ಕೇಬಲ್ ತರಿಸಿದ್ದೀನಿ, ಸೋಮವಾರ ಬರುತ್ತೆ. ಅಲ್ಲೀವರೆಗೂ ಕೈ ಕಟ್ಕೊಂಡು ಕೂತಿರಿ. ಕೇಳಿಸ್ತಾ?" ಅಂದಳು ರೌನಿ.

ಸೋಮವಾರ! ಅದರ ಹಿಂದಿನ ಭಾನುವಾರ ಅಮ್ಮಂದಿರ ದಿನ. ಅವತ್ತು ಕಾಫಿ, ಕೇಕಿನ ಜೊತೆಗೆ ಅವಳ ದನಿಯನ್ನೂ ತಟ್ಟೆಯಲ್ಲಿಟ್ಟು ಕೊಡಬೇಕೆಂದು ನನ್ನ ಲೆಕ್ಕ. ಬರೀ ಹತ್ತು ವಾಕ್ಯ ಆಡಿದರೂ ಸಾಕಿತ್ತು. ಶುಕ್ರವಾರವೇ ಎಲ್ಲ ಜೋಡಿಸಿ ಮುಗಿಸಿದ್ದೆ. ಪೆಟ್ಟಿಗೆ ಸೊಟ್ಟಗಿದ್ದರೂ ಒಳಗಿನ ಕೆಲಸ ನೋಡಿದರೆ ನೀನು ಶಹಬಾಸ್ ಅನ್ನುತ್ತಿದ್ದೆ, ಒಂದು ತಂತಿ ಆಚೀಚೆ ಇರಲಿಲ್ಲ. ಶನಿವಾರ ಮಧ್ಯಾಹ್ನ ಗ್ಯಾರೇಜಿನ ಡಬ್ಬಿಯಲ್ಲಿ ಹುಡುಕಿದರೆ ನಮ್ಮ ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯ ಕೇಬಲ್ ಸಿಕ್ಕಿತು. ಬೇರೆ ಕಂಪನಿಯದ್ದು. ಆದರೆ ಅದೇ ಆರು ತೂತು, ಅದೇ ಕಪ್ಪು ಪ್ಲಗ್ಗು. ಸಿಕ್ಕಿಸಿದೆ. ಟಿಕ್ ಅಂತ ಕೂತುಕೊಂಡಿತು.

ಅಲ್ಲೇ ಕೆಟ್ಟೆ ನಾನು. ಕಾರ್ಖಾನೆಯಲ್ಲಿ ಹೊಂದದ ಪ್ಲಗ್ಗು ಹೊಂದದ ಜಾಗಕ್ಕೆ ಹೋಗುವುದೇ ಇಲ್ಲ, ಹೋಗದಂತೆ ಮಾಡಿರುತ್ತಾರೆ. ಕೂತಿತು ಅಂದರೆ ಸರಿ ಅಂತಲೇ ನನ್ನ ಕೈ ಮೂವತ್ತೆಂಟು ವರ್ಷ ಕಲಿತದ್ದು. ಈ ಕಂಪ್ಯೂಟರಿನವರಲ್ಲಿ ಹಾಗಲ್ಲವಂತೆ. ಡಿಸ್ಕಿನ ಕಡೆಯ ತುದಿ ಎಲ್ಲರದ್ದೂ ಒಂದೇ. ಪವರ್ ಸಪ್ಲೈ ಕಡೆಯ ತುದಿ ನೋಡಲು ಒಂದೇ, ಒಳಗಿನ ತಂತಿಗಳ ಸಾಲು ಮಾತ್ರ ಒಂದೊಂದು ಕಂಪನಿಗೆ ಒಂದೊಂದು ಥರ. ಮೀಟರ್ ಹಿಡಿದು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮೀಟರು ನನ್ನ ಎಡಗೈ ಪಕ್ಕದಲ್ಲೇ ಇತ್ತು, ಮೇಜಿನ ಮೇಲೆ.

ಆ ಒಂದು ಕೇಬಲ್ಲಿಗೆ ಎರಡು ಡಿಸ್ಕು ಸಿಕ್ಕಿಸಿದೆ. ಒಂದು ಅಮ್ಮನ ದನಿ ಇದ್ದದ್ದು, ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ತಂದದ್ದು. ಇನ್ನೊಂದು, ಏನಾದರೂ ಆದರೆ ಇರಲಿ ಎಂದು ನಾನೇ ಮಾಡಿಟ್ಟಿದ್ದ ನಕಲು. ಎರಡನ್ನೂ ಯಾಕೆ ಒಟ್ಟಿಗೆ ಅಂತ ಕೇಳಬೇಡ. ಪದೇ ಪದೇ ಪೆಟ್ಟಿಗೆ ತೆರೆಯುವುದು ತಪ್ಪಲಿ ಅಂತ, ಅಷ್ಟೇ. ಸ್ವಿಚ್ಚು ಒತ್ತಿದೆ. ಚಟ್ ಅಂತ ಒಂದೇ ಸದ್ದು, ಚಿಟಿಕೆ ಹೊಡೆದ ಹಾಗೆ. ಆಮೇಲೆ ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು, ಎಲ್ಲವೂ ಸರಿಯಾಗಿಯೇ ಶುರುವಾಯಿತು. ಡಿಸ್ಕುಗಳು ಮಾತ್ರ ಕಾಣಲಿಲ್ಲ. ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಸುಟ್ಟ ವಾಸನೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟೆ.

ಸೋಮವಾರ ರೌನಿ ಹತ್ತಿರ ಒಯ್ದೆ. ಅವಳು ಬೈಯುತ್ತಾಳೆ, ಬೈದರೆ ಸ್ವಲ್ಪ ಹಗುರಾಗುತ್ತದೆ ಅಂದುಕೊಂಡಿದ್ದೆ. ಕೇಬಲ್ ನೋಡಿದಳು, ಡಿಸ್ಕು ನೋಡಿದಳು. "ಅಯ್ಯೋ, ತೌನೊ" ಅಂದಳು, ಅಷ್ಟೇ. ಯಜಮಾನ್ರೇ ಅನ್ನಲಿಲ್ಲ. ಅವಳೇ ಹೆಲ್ಸಿಂಕಿಯ ಒಂದು ಪ್ರಯೋಗಾಲಯಕ್ಕೆ ಕಟ್ಟಿ ಕಳಿಸಿದಳು. ಮೂರು ವಾರ ಕಾದೆ. ಅದೇ ನನ್ನ ಕಾಗದ ತಡವಾದ ಕಾರಣ. ಒಳ್ಳೆಯ ಸುದ್ದಿ ಬಂದರೆ ಈ ಕಥೆಯನ್ನು ನಿನಗೆ ಹೇಳದೇ ನುಂಗಿಬಿಡಬಹುದು ಅಂತ ಆಸೆ. ನಿನ್ನೆ ಉತ್ತರ ಬಂತು. ಎರಡರ ಚಿಪ್ಪುಗಳೂ ಒಳಗಿನಿಂದಲೇ ಸುಟ್ಟಿವೆಯಂತೆ. ಏನೂ ಸಿಗುವುದಿಲ್ಲವಂತೆ.

ಅಮ್ಮನಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಸ್ಲೇಟು ಎತ್ತಿ ಹಿಡಿಯುತ್ತಾಳೆ: "ಎಲ್ಲೀವರೆಗೆ ಕಲಿತಿದೆ?" ನಾನು, "ಇನ್ನೂ ಕಲೀತಾ ಇದೆ ಕಣೆ. ಅವಸರ ಮಾಡಿದ್ರೆ ಕೆಡುತ್ತೆ" ಅನ್ನುತ್ತೇನೆ. ಅವಸರದ ಬಗ್ಗೆ ನಾನು ಹೇಳುತ್ತಿದ್ದೇನೆ, ನೋಡು! ಕಂಪ್ಯೂಟರನ್ನು ಬೆಳಗಿನಿಂದ ಸಂಜೆಯವರೆಗೆ ಹಚ್ಚಿಡುತ್ತೇನೆ. ಅದರಲ್ಲಿ ಏನೂ ನಡೆಯುತ್ತಿಲ್ಲ. ಫ್ಯಾನಿನ ಸದ್ದು ಕೇಳಿ ಕೆಲಸ ನಡೆಯುತ್ತಿದೆ ಅಂದುಕೊಳ್ಳಲಿ ಅಂತ. ಅವಳು ಆ ಸದ್ದಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಹೆಣಿಗೆ ಹಿಡಿದು ಕೂರುತ್ತಾಳೆ. ಆಗಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಿಸಿ ನೋಡುತ್ತಾಳೆ. ಲೆಂಪಿ, ನಲವತ್ತೊಂದು ವರ್ಷದ ಸಂಸಾರದಲ್ಲಿ ಇಂಥ ಹೇಡಿ ಕೆಲಸ ನಾನು ಮಾಡಿರಲಿಲ್ಲ.

ಇನ್ನು ನಿನ್ನಿಂದ ಆಗಬೇಕಾದದ್ದು. ನೀನು ನರ್ಸಿಂಗ್ ಬಿಟ್ಟು ಹಿಮದ ಮೇಲೆ ನಾಯಿಗಾಡಿ ಓಡಿಸಲು ಹೊರಟಾಗ, ಈಸ್ಟರ್ ಊಟದಲ್ಲಿ ಎಲ್ಲರೆದುರು ಅವಳು "ಹಿಡಿದ ಕೆಲ್ಸ ಯಾವ್ದಾದ್ರೂ ಮುಗಿಸಿದ್ದೀಯೇನೇ ನೀನು?" ಅಂದಳಲ್ಲ. ಆಮೇಲಿನ ಚಳಿಗಾಲವೆಲ್ಲ ನೀನು ಅವಳ ಫೋನು ಎತ್ತಲಿಲ್ಲ. ನಿನ್ನನ್ನು ದೂರುತ್ತಿಲ್ಲಮ್ಮಾ. ಆದರೆ ಅವಳು ಪ್ರತಿ ಭಾನುವಾರ ನಿನ್ನ ಫೋನಿನಲ್ಲಿ ಧ್ವನಿ ಸಂದೇಶ ಬಿಡುತ್ತಿದ್ದದ್ದು ನನಗೆ ಗೊತ್ತು. ಹವಾಮಾನ, ಬೆಕ್ಕು, ಪಕ್ಕದ ಮನೆಯವರ ಜಗಳ, ಬಾಯಿಗೆ ಬಂದದ್ದೆಲ್ಲ. ಅವನ್ನು ಅಳಿಸಿದ್ದೀಯಾ? ಒಂದಾದರೂ ಉಳಿದಿದ್ದರೆ ಮುಟ್ಟಬೇಡ, ಫೋನು ಬದಲಿಸಬೇಡ, ಹಾಗೇ ತೆಗೆದುಕೊಂಡು ಬಾ. ಇಪ್ಪತ್ತು ನಿಮಿಷದಷ್ಟು ಸ್ಪಷ್ಟ ಮಾತು ಸಿಕ್ಕರೂ ಏನಾದರೂ ಮಾಡಬಹುದು, ದನಿ ಒರಟಾಗಿ ಬಂದೀತು, ಆದರೆ ಬಂದೀತು ಅನ್ನುತ್ತಾಳೆ ರೌನಿ. ಏನೂ ಉಳಿದಿಲ್ಲ ಅಂದರೆ ಅದನ್ನೂ ಬರೆದು ತಿಳಿಸು. ಫೋನ್ ಮಾಡಬೇಡ. ಹಬ್ಬಕ್ಕೆ ಮುಂಚೆ ಅಮ್ಮನಿಗೆ ನಾನೇ ಹೇಳುತ್ತೇನೆ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ದಾರಿಯಲ್ಲಿ ಹುಷಾರು. ಹೊಟ್ಟೆ ತುಂಬ ತಿನ್ನು, ಸೊಳ್ಳೆಗೆ ಮೈ ಕೊಡಬೇಡ. ದೇವರು ನಿನ್ನನ್ನೂ ನಿನ್ನ ಹದಿನಾಲ್ಕು ಬಾಲಗಳನ್ನೂ ಸುಖವಾಗಿಡಲಿ.

ನಿನ್ನ ಅಪ್ಪ,
ತೌನೊ

ಬರೆಯದೆ ಬಿಟ್ಟದ್ದು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಒಂದನ್ನು ಮುಚ್ಚಿಟ್ಟಿದ್ದೆ. ಆ ಡಿಸ್ಕಿನಲ್ಲಿ ಅವಳು ಓದಿದ ವಾಕ್ಯಗಳ ಪಟ್ಟಿಯಲ್ಲಿಲ್ಲದ ಒಂದು ರೆಕಾರ್ಡಿಂಗ್ ಇತ್ತು, ಅದಕ್ಕೆ "ಲೆಂಪಿಗೆ" ಅಂತ ಹೆಸರಿಟ್ಟಿದ್ದಳು. ಮಾರ್ಚಿಯ ಆ ಕೊನೆಯ ಬೆಳಿಗ್ಗೆ ಬೀರುವಿನ ಬಾಗಿಲು ಹಾಕಿಕೊಂಡು ಹೇಳಿದ್ದು. ಹಬ್ಬಕ್ಕೆ ನೀನು ಬಂದಾಗ ತಾನೇ ಕೇಳಿಸುತ್ತೇನೆ ಅಂತ ಸ್ಲೇಟಿನಲ್ಲಿ ಬರೆದಿದ್ದಳು, ನಾನು ಮುಟ್ಟಕೂಡದು ಅಂತಲೂ. ಡಿಸ್ಕು ಬಿಚ್ಚುವ ಮೊದಲು ನಾನು ಕದ್ದು ಕೇಳಿದೆ. ಎರಡು ಸಲ ಕೇಳಿದೆ. ನೆನಪಿದ್ದಷ್ಟು ಬರೆಯುತ್ತೇನೆ:

"ಲೆಂಪಿ. ನಿಮ್ಮಪ್ಪ ಹೊರಗೆ ನಿಂತಿದಾರೆ, ಅದಕ್ಕೆ ಮೆಲ್ಲಗೆ ಹೇಳ್ತಿದೀನಿ. ಅವತ್ತು ಎಲ್ಲರ ಮುಂದೆ ನಿನಗೆ ಹಂಗಂದೆನಲ್ಲ, ತಪ್ಪು ನಂದು. ನೀನು ಎದ್ದು ಹೋದ್ಮೇಲೆ ನಿನ್ನ ತಟ್ಟೆ ತೆಗೆಯಕ್ಕೂ ಆಗ್ಲಿಲ್ಲ ನಂಗೆ. ಫೋನಲ್ಲಿ ಪ್ರತಿ ಸಲ ಇದನ್ನೇ ಹೇಳ್ಬೇಕು ಅಂತ ಹಿಡೀತಿದ್ದೆ, ಆಮೇಲೆ ಬೆಕ್ಕಿನ ಸುದ್ದಿ ಹೇಳಿ ಇಟ್ಟುಬಿಡ್ತಿದ್ದೆ. ನಿನ್ನ ಗಾಡೀಲಿ ಒಂದ್ಸಲ ಕೂರ್ಬೇಕು ಅಂತ ಆಸೆ ಇದೆ ಕಣೆ. ಲೆಂಪಿ..."

ಇನ್ನೊಂದು ಸಲ ಹೆಸರು ಕರೆದು ನಿಲ್ಲಿಸಿದ್ದಳು. ಆ ಕರೆದದ್ದು ಹೇಗಿತ್ತು ಅಂತ ನನಗೆ ಬರೆಯಲು ಬರುವುದಿಲ್ಲ. ನೀನು ಬಂದಾಗ ಅವಳು ಮೊದಲು ನಿನ್ನ ಮುಖ ನೋಡುತ್ತಾಳೆ. ಡಿಸ್ಕು ಸುಟ್ಟದ್ದು ಅಷ್ಟರಲ್ಲಿ ಅವಳಿಗೆ ಗೊತ್ತಿರುತ್ತದೆ, ಆದರೂ "ಕೇಳಿದೆ ಅಮ್ಮಾ" ಅನ್ನು. ಓದಿದೆ ಅನ್ನಬೇಡ.