ರಸ್ತೆಯಲ್ಲೇ ನಿಂತುಬಿಟ್ಟವನು

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ

ಚಹಾ ಆಯಿತು. ಡ್ಯೂಟಿ ಹಂಚಿದ್ದೂ ಆಯಿತು. ಕೂತು ಉಸಿರು ಬಿಡುವಷ್ಟರಲ್ಲಿ ಲಾರಿಯವನೊಬ್ಬ ಬಂದ. ಓಷ್ ಪಟ್ಟಣದ ಕಡೆಯವನು, ಹೊಟ್ಟೆ ಮುಂದೆ, ಕೋಪ ಅದರ ಹಿಂದೆ. ನಿಮ್ಮ ಸಾರ್ಜೆಂಟ್ ನನ್ನ ಕೀಲಿ ಕಿತ್ತುಕೊಂಡು ಹೊಳೆಗೆ ಎಸೆದ ಅಂದ. ಯಾಕಪ್ಪಾ ಅಂದರೆ, ಹಾರ್ನ್ ಹೊಡೆದೆ ಅಷ್ಟೆ. ಕುರಿಮಂದೆ ಅಡ್ಡ ಬಂದಿತ್ತಂತೆ. ಕುರಿಗೆ ಹಾರ್ನ್ ಹೊಡೀದೆ ಸಲಾಮ್ ಹೊಡೀಲಾ ಅಂತ ನನ್ನನ್ನೇ ಕೇಳಿದ.

ನಗು ತಡೆದುಕೊಂಡೆ. ಇದು ಮೊದಲ ಕೀಲಿಯಲ್ಲ. ಎಸೆದವನು ಮೆದೇರ್, ಮೇಲಿನ ಕಣಿವೆ ಚೌಕಿಯವನು. ಇಡೀ ಠಾಣೆಯಲ್ಲಿ ಅವನಷ್ಟು ತಣ್ಣನೆಯ ಮನುಷ್ಯ ಇರಲಿಲ್ಲ. ಕುಡಿದು ಓಡಿಸುವವನನ್ನೂ "ಬಾರಣ್ಣ" ಅಂತ ಕೈ ಹಿಡಿದು ಇಳಿಸುತ್ತಿದ್ದ. ಹೋದ ವರ್ಷದ ಮಾತು.

ಮಧ್ಯಾಹ್ನದ ಟಪಾಲಿನಲ್ಲಿ ಪ್ರಾಂತ ಕಚೇರಿಯ ಆದೇಶ. ಕೆಲಸದಲ್ಲಿ ಎಡವುತ್ತಿರುವ, ಮನಸ್ಸಿನ ಭಾರ ಹೊತ್ತಿರುವ ಸಿಬ್ಬಂದಿಯನ್ನು ಗುರುತಿಸಿ, ನೆರವು ಕೊಡಿ, ಜೂನ್ ಆರಂಭಕ್ಕೆ ವರದಿ ಕಳಿಸಿ. ಸಿಬ್ಬಂದಿ ನೋಡಿಕೊಳ್ಳುವ ಕ್ಯಾಪ್ಟನ್ ನಾನೇ. ಗುರುತಿಸುವುದೇನು ಕಷ್ಟ... ಹೊಳೆಗೆ ಬಲೆ ಬೀಸಿದರೆ ಸಾಕು. ನೆರವು?

ಠಾಣೆಯ ಮುಖ್ಯಸ್ಥರು ಮೇಜರ್ ಬಾಯಿಶ್ ಅಣ್ಣ. ಕಾಗದ ಓದಿ ಮಡಚಿಟ್ಟರು. ಇನ್ನೊಂದು ಕೀಲಿ ಹೋದರೆ ಅವನ ಪಿಸ್ತೂಲು ಕಳಚಿಸಿ ಮನೆಗೆ ಕಳಿಸುತ್ತೇನೆ ಅಂದರು. ಮನೆಗೆ ಅಂದರೆ ಶಾಶ್ವತವಾಗಿ. ಮೆದೇರ್‌ಗೆ ಈ ಕೆಲಸ ಬಿಟ್ಟು ಬೇರೇನೂ ಗೊತ್ತಿಲ್ಲ.

ಮೇ 6

ಮೆದೇರ್‌ನ ಕರೆಸಿದೆ. ಬಂದ. ತೆಳ್ಳಗಾಗಿದ್ದಾನೆ. ಮುಂದಿಟ್ಟ ಬೊರ್ಸೊಕ್ ಮುಟ್ಟಲಿಲ್ಲ. ಎಣ್ಣೆಯಲ್ಲಿ ಕರಿದ ಹಿಟ್ಟು ಬಿಸಿಯಾಗಿರುವಾಗ ಬೇಡ ಅನ್ನುವವನನ್ನು ನಮ್ಮ ಸೀಮೆಯಲ್ಲಿ ವೈದ್ಯರಿಗೆ ತೋರಿಸುತ್ತಾರೆ.

ಹಾರ್ನ್ ಕಂಡರೆ ಯಾಕೋ ನಿನಗೆ ಅಷ್ಟು ಸಿಟ್ಟು ಅಂದೆ.

"ಸದ್ದು ಮಾಡಬಾರದು, ಅಕ್ಕ. ಮೇಲೆ ಕೇಳಿಸುತ್ತೆ."

"ಮೇಲೆ ಏನಿದೆಯೋ? ಹಿಮ ಕರಗಿ ಹುಲ್ಲು ಬಂದಿದೆ."

"ಗೊತ್ತು."

ಗೊತ್ತಿದ್ದೂ ಕಿವಿ ಬೆಟ್ಟದ ಕಡೆಗೇ. ಫೆಬ್ರವರಿಯಲ್ಲಿ ಅಲ್ಲೇ ಹಿಮ ಕುಸಿದು ಕುಬಾತ್ ಹೋದ. ಬುಲ್ಡೋಜರಿನಲ್ಲಿ ರಸ್ತೆಯ ಹಿಮ ತಳ್ಳುತ್ತಿದ್ದವನು. ಚೌಕಿಯಲ್ಲಿ ಇವನೂ ಅವನೂ ಒಂದೇ ಕೆಟಲಿನ ಚಹಾ ಕುಡಿದು ಎಷ್ಟು ಚಳಿಗಾಲ ಕಳೆದರೋ. ಬರಿಗೈಯಲ್ಲಿ ತೋಡಿ ಹೊರಗೆಳೆದವನು ಮೆದೇರ್. ಇದೆಲ್ಲ ಠಾಣೆಗೇ ಗೊತ್ತು. ಆದರೆ ಅದಾದ ಮೇಲೆ ಶವ ಹೊರಡುವವರೆಗೂ ಕುಬಾತ್‌ನ ಮನೆ ಹತ್ತಿರವೇ ಇದ್ದನಲ್ಲ? ಎಲ್ಲ ಸರಿಯಾಗಿಯೇ ನಡೆಯಿತಲ್ಲ?

ರಜೆ ತಗೋ ಅಂದೆ. ಬೇಡ ಅಂದ.

ಮೇ 7

ಮತ್ತೊಂದು ಕೀಲಿ. ಈ ಸಲ ಮಿನಿಬಸ್ಸಿನದು. ಮದುವೆ ದಿಬ್ಬಣ. ವರನೇ ಓಡಿಸುತ್ತಿದ್ದನಂತೆ... ಮೇಜರ್ ಅಣ್ಣನ ಕಾಲು ಹಿಡಿದು ತಿಂಗಳ ಕೊನೆವರೆಗೆ ಗಡುವು ಪಡೆದೆ.

ಮೇ 19

ಪ್ರಾಂತ ಕಚೇರಿಯಿಂದ ಮನಃಶಾಸ್ತ್ರಜ್ಞೆ ಬಂದಳು. ವೆನೆರಾ ಅಂತ. ನನ್ನ ಮಗಳ ವಯಸ್ಸು. ಇವಳೇನು ಮಾಡಿಯಾಳು ಅಂದುಕೊಂಡೆ. ಮೆದೇರ್ ಜೊತೆ ಬಹಳ ಹೊತ್ತು ಬಾಗಿಲು ಹಾಕಿಕೊಂಡು ಕೂತಿದ್ದಳು. ಹೊರಬಂದು, ಒಳಗಿನ ಮಾತು ಹೇಳುವಂತಿಲ್ಲ ಅಂದಳು. ಒಳ್ಳೆಯದು. ಹೇಳಿದ್ದರೆ ನನಗೇ ಬೇಸರವಾಗುತ್ತಿತ್ತು.

ಚಹಾ ಕುಡಿಯುತ್ತಾ ಒಂದೇ ಪ್ರಶ್ನೆ ಕೇಳಿದಳು. ಆ ಸಾವಿನ ಮನೆಯಲ್ಲಿ ಇವನು ಎಲ್ಲಿದ್ದ?

"ಅಲ್ಲೇ ಇದ್ದ. ಮೊದಲಿಂದ ಕೊನೆತನಕ."

"ಎಲ್ಲಿ ಅಂದರೆ, ಅಕ್ಕ? ಮನೆ ಮುಂದೆ ಅಳುವ ಗಂಡಸರ ಸಾಲಿನಲ್ಲಾ?"

ಮೆದೇರ್ ರಸ್ತೆಯಲ್ಲಿದ್ದ. ಸಾವಿಗೆ ಬಂದ ಗಾಡಿಗಳನ್ನು ಸರಿಸುತ್ತಾ, ಕೋಲು ಹಿಡಿದು, ಸಮವಸ್ತ್ರದಲ್ಲಿ. ಡ್ಯೂಟಿ ಹಾಕಿದವರು ನಾವೇ. ಅಲ್ಲೇ ಇದ್ದಾನಲ್ಲ, ಬಂದ ಹಾಗೇ ಆಯಿತು ಅಂತ ಊರೆಲ್ಲ ಲೆಕ್ಕ ಹಾಕಿತು. ನಮ್ಮಲ್ಲಿ ಸಾವಿನ ಮನೆಗೆ ಗಂಡಸು ಸುಮ್ಮನೆ ನಡೆದು ಹೋಗುವುದಿಲ್ಲ. ದೂರದಿಂದಲೇ ಗಟ್ಟಿಯಾಗಿ ಅಳುತ್ತಾ ಹೋಗಬೇಕು. ಅಳದೆ ಬಂದವನು ಶತ್ರು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಪೊಲೀಸ್ ಟೋಪಿ ಹಾಕಿಕೊಂಡು ಅಳುವುದುಂಟೇ? ಅವನು ಅಳಲಿಲ್ಲ. ಅಂದರೆ ಆ ಮನೆಗೆ ಅವನು ಇನ್ನೂ ಹೋಗೇ ಇಲ್ಲ. ಇನ್ನೂ ರಸ್ತೆಯಲ್ಲೇ ನಿಂತಿದ್ದಾನೆ.

ನಾನು ಹಾಕುವ ಮದ್ದು ನನ್ನದು, ಅದು ನಿಧಾನದ್ದು ಅಂದಳು ವೆನೆರಾ. ಈ ಅಳು ನಿಮ್ಮೂರಿನ ಮದ್ದು, ನೀವೇ ನೋಡಿ ಅಂದಳು.

ಮೇ 20

ಕುಬಾತ್‌ನ ಹೆಂಡತಿ ಬಾತ್ಮಾಳ ಮನೆಗೆ ಹೋದೆ. ಹಿಂಜರಿಯುತ್ತಲೇ ಕೇಳಿದೆ — ಇಷ್ಟು ತಡವಾಗಿ ಒಬ್ಬ ಬರಬಹುದಾ ಅಂತ. ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ವರ್ಷ ತುಂಬುವವರೆಗೆ ಬಾಗಿಲಿಗೆ ಬಂದವರ ಜೊತೆ ಅಳುವುದು ನನ್ನ ಪಾಲು ಅಂದಳು. ಆಮೇಲೆ, ತುಸು ಮುನಿಸಿನಿಂದ:

"ದಿನಾ ಈ ಬೇಲಿ ಪಕ್ಕದಲ್ಲೇ ಜೀಪಲ್ಲಿ ಹೋಗ್ತಾನೆ. ಒಂದಿನ ಇಳೀಲಿಲ್ಲ. ನಾನೇನು ಮಾಡಿದೆ ಅವನಿಗೆ?"

ಅದನ್ನೇ ಮೆದೇರ್‌ಗೆ ಹೇಳಿದೆ. "ದನಿಯೇ ಬರದಿದ್ದರೆ, ಅಕ್ಕ?" ಅಂದ. ಶನಿವಾರ ಬಾ, ನಾನು ಒಳಗೆ ಕೂತಿರುತ್ತೇನೆ ಅಂದೆ.

ಮೇ 24, ಶನಿವಾರ. ಸಂಜೆ

ಹೇಗೆ ಬರೆಯಲಿ.

ನಾನು ಮುಂಚೆಯೇ ಹೋಗಿ ಒಳಗೆ ಹೆಂಗಸರ ಜೊತೆ ಕೂತಿದ್ದೆ. ಬಾತ್ಮಾ ಪದ್ಧತಿಯಂತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಊರು ಅರ್ಧ ಖಾಲಿ. ಜನ ದನಕರು ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೋಗಿಯಾಗಿದೆ. ಹೊರಗೆ ಕುಬಾತ್‌ನ ತಮ್ಮ ಒಬ್ಬನೇ ಕೋಲೂರಿ ನಿಂತಿದ್ದ. ಒಬ್ಬನೇ ನಿಂತರೆ ಸಾಲು ಅನ್ನಿಸಿಕೊಳ್ಳುತ್ತದೆಯೇ ಅಂತ ನನಗೆ ಸಂಕಟ.

ಕಾದೆವು. ಚಹಾ ತಣ್ಣಗಾಯಿತು. ಬರುವುದಿಲ್ಲ ಅಂದುಕೊಂಡೆ.

ಮೊದಲು ಕುದುರೆಯ ಗೊರಸು. ನಡಿಗೆ... ಆಮೇಲೆ ಓಟ. ಸೇತುವೆಯ ಹಲಗೆ ಗುಡುಗಿತು. ಅದರ ಮೇಲೆ ಒಂದು ದನಿ. ಅದು ಮೆದೇರ್‌ನದು ಅಂತ ತಿಳಿಯಲಿಲ್ಲ. ಮನುಷ್ಯನದು ಅಂತ ತಿಳಿಯುವುದಕ್ಕೇ ಒಂದು ಗಳಿಗೆ ಬೇಕಾಯಿತು.

"ಅಯ್ಯೋ ನನ್ನ ಕರುಳೇ! ನನ್ನ ಕರುಳೇ!"

ಕಿಟಕಿಯ ಗಾಜು ಅದುರಿತು. ನಿಜವಾಗಿ. ನಾನು ಹುಟ್ಟಿದ್ದು ಬೆಳೆದದ್ದು ಇಂಥ ಅಳುವಿನ ನಡುವೆಯೇ, ಸಾವಿರ ಸಲ ಕೇಳಿದ್ದೇನೆ. ಇದು ಬೇರೆ. ಫೆಬ್ರವರಿಯಿಂದ ಬೆಟ್ಟದ ಮೇಲೆ ಕೂತಿದ್ದದ್ದು ಒಂದೇ ಸಲಕ್ಕೆ ಇಳಿದುಬಂದಂತೆ.

ಬಾಗಿಲ ಸಂದಿಯಿಂದ ನೋಡಿದೆ. ಸಮವಸ್ತ್ರ ಇಲ್ಲ. ಬಿಳಿ ಉಣ್ಣೆಯ ಟೋಪಿ, ಸೊಂಟಕ್ಕೆ ಬಟ್ಟೆ ಬಿಗಿದಿದ್ದಾನೆ, ಕಡಿವಾಣ ಕೈಯಲ್ಲಿಲ್ಲ. ಒಬ್ಬನೇ ನಿಂತಿದ್ದ ತಮ್ಮನೂ ಎತ್ತರದ ದನಿಯಲ್ಲಿ ಅಳು ತೆಗೆದ. ಆಮೇಲೆ — ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕರೆದಿರಲಿಲ್ಲ — ಆಲೂಗಡ್ಡೆ ಹೊಲದಿಂದ ಇಬ್ಬರು ಗುದ್ದಲಿ ಬಿಸಾಕಿ ಓಡಿಬಂದರು. ಗಿರಣಿಯವನು ಮೈತುಂಬ ಹಿಟ್ಟಿನಲ್ಲೇ ಬಂದ. ಶಾಲೆಯ ಮೇಷ್ಟರು. ನಡೆಯಲಾಗದ ಮುದುಕ ಜಾನಿಬೈ ಗೋಡೆ ಹಿಡಿದುಕೊಂಡು. ಬಂದವರು ಬಂದಂತೆ ಮನೆ ಮುಂದೆ ಸಾಲುಗಟ್ಟಿ ಬಾಗಿ ನಿಂತು ಅಳತೊಡಗಿದರು. ನೋಡುತ್ತಿದ್ದಂತೆ ಸಾಲು ಬೇಲಿ ಮುಟ್ಟಿತು. ಕಂಕುಳಿಗೆ ಕೈ ಕೊಟ್ಟು ಮೆದೇರ್‌ನ ಕುದುರೆಯಿಂದ ಇಳಿಸಿಕೊಂಡರು. ಮಗುವನ್ನು ಇಳಿಸಿದ ಹಾಗೆ.

ಅಳುವಿನಲ್ಲಿ ಅವನು ಏನೇನೋ ಹೇಳಿದ. ಅಳುವಿನಲ್ಲಿ ಹೇಳಿದ್ದನ್ನು ಹೊರಗೆ ಒಯ್ಯಬಾರದು, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಒಳಗಿನಿಂದ ಬಾತ್ಮಾ ಹಾಡಿನಂತೆ ಕೊಟ್ಟ ಉತ್ತರ ಮಾತ್ರ ಮರೆಯಲಾರೆ. "ಇನ್ನೊಂದು ಸಲ ಹಿಮ ತಳ್ಳು ಅಂತ ನೀನು ಹೇಳದಿದ್ದರೂ ಅವನು ತಳ್ಳುತ್ತಿದ್ದ, ತಮ್ಮಾ. ರಸ್ತೆಯಲ್ಲಿ ಜನ ಕಾಯುವುದನ್ನು ಅವನು ಎಂದು ನೋಡಿ ಸುಮ್ಮನಿದ್ದ? ಒಳಗೆ ಬಾ. ಚಳಿಯಲ್ಲಿ ಬಹಳ ದಿನ ನಿಂತೆ."

ಬಾತ್ಮಾಳ ಹಿಂದೆ ಬಂದು ಕೂತೆ, ಸಮವಸ್ತ್ರದಲ್ಲೇ. ಬಾತ್ಮಾ ತಿರುಗದೆ ಕೈ ಹಿಂದೆ ಚಾಚಿ ನನ್ನ ಟೋಪಿ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ನಾನೂ ಅತ್ತೆ.

ಕೈ ತೊಳೆಸಿದರು. ಪ್ರಾರ್ಥನೆ ಓದಿದರು. ಮೆದೇರ್ ಉಂಡ. ಎರಡನೇ ಸಲ ಬಡಿಸಿಕೊಂಡು ಉಂಡ. ಗಿರಣಿಯವನು, ನಮಗೂ ಒಂದಿಷ್ಟು ಉಳಿಸಪ್ಪ ಅಂದ. ಎಲ್ಲರೂ ನಕ್ಕರು, ಮೆದೇರ್ ಕೂಡ.

ಜೂನ್ 2

ವರದಿ ಹೋಯಿತು. ಮೆದೇರ್‌ನ ಹೆಸರು ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ಭಾರ ಇದೆ, ನೆರವು ನಡೆಯುತ್ತಿದೆ, ಕೆಲಸದಲ್ಲಿ ಉಳಿಯಲು ಯೋಗ್ಯ. ಮೇಜರ್ ಅಣ್ಣ ಓದಿ ಒಂದಕ್ಷರ ತಿದ್ದದೆ ಸಹಿ ಹಾಕಿದರು. ವೆನೆರಾ ಸಾಕು ಅನ್ನುವವರೆಗೆ ಪಿಸ್ತೂಲು ಉಗ್ರಾಣದಲ್ಲಿರಲಿ ಅಂತ ಮೆದೇರ್ ತಾನೇ ತಂದುಕೊಟ್ಟ. ಬುಧವಾರ ಅವಳ ಬಳಿ ಹೋಗುತ್ತಾನೆ. ನಿದ್ದೆ ಇನ್ನೂ ಸರಿಯಿಲ್ಲವಂತೆ. ಒಂದೇ ದಿನಕ್ಕೆ ಎಲ್ಲಿ ಸರಿಹೋದೀತು.

ಮಧ್ಯಾಹ್ನ ಮೇಜರ್ ಅಣ್ಣ ನನ್ನ ಕೋಣೆಗೆ ಬಂದರು. ಅವರು ಹಾಗೆ ಬರುವವರಲ್ಲ, ಕರೆಸುವವರು. ಬಾಗಿಲು ಹಾಕಿದರು. ಕಿಟಕಿಯ ಹತ್ತಿರ ನಿಂತು, ಮೆದೇರ್ ಎಲ್ಲಿಂದ ಅಳು ಶುರು ಮಾಡಿದ, ಸೇತುವೆಯಿಂದಲಾ ಅಂತ ಕೇಳಿದರು. ಹೌದು ಅಂದೆ.

ಆಮೇಲೆ, ಬೆನ್ನು ತಿರುಗಿಸಿಕೊಂಡೇ:

"ನನ್ನದು ತುಂಬಾ ಹಳೇದು, ತಂಗಿ. ಗಡಿಯಲ್ಲಿ ಜೊತೆಗಿದ್ದವನ ಸಾವು. ಅವನ ಮನೇಲಿ ಈಗ ಯಾರಿದ್ದಾರೋ. ಇಷ್ಟು ವರ್ಷದ ಮೇಲೆ ಹೋದರೂ... ಬಾಗಿಲು ತೆಗೀತಾರಾ?"

ಯಾರ ಮನೆ ಅಂತ ಕೇಳಬೇಕು ಅಂತಿದ್ದೆ. ಎದ್ದೆ. ಅಷ್ಟರಲ್ಲಿ ಅವರು ತಾವೇ ಟೋಪಿ ತೆಗೆದು ಮೇಜಿನ ಮೇಲಿಟ್ಟರು.